ಎಡಗಾಲಿನ ಬ್ರೇಕು

ಚೆನ್ನೈ
4 ಆಗಸ್ಟ್ 2025, ಸೋಮವಾರ

ಚಿರಂಜೀವಿ ಹರಿದಾಸನಿಗೆ,

ನಾನು ಅಂಬುಜಮ್ಮ. ಪುರಸೈವಾಕ್ಕಂ ಮನೆಯ ಹಿರಿಯ ಸೊಸೆ, ನಿನ್ನ ಅಣ್ಣ ವಿಷ್ಣುಮೂರ್ತಿಯವರ ಹೆಂಡತಿ, ನಿನಗೆ ಅತ್ತಿಗೆ. ಗಂಡನ ಹೆಸರು ಬರೆಯುವ ಅಭ್ಯಾಸ ನನಗಿಲ್ಲ. ಈ ಕಾಗದ ಬೇರೆಯವರ ಕೈಗೆ ಸಿಕ್ಕರೂ ಯಾರು ಯಾರಿಗೆ ಬರೆದದ್ದೆಂದು ತಿಳಿಯಲಿ ಎಂದು ಬರೆದಿದ್ದೇನೆ. ಎಸ್ಸೆಸ್ಸೆಲ್ಸಿ ಪಾಸು ಮಾಡಿ ಹದಿನೆಂಟಕ್ಕೆ ಆ ಮನೆಗೆ ಬಂದೆ. ಇಪ್ಪತ್ತಮೂರಕ್ಕೆ ಅತ್ತೆಯವರು ತೀರಿಕೊಂಡು ಯಜಮಾನಿಕೆ ನನ್ನ ಕೈಗೆ ಬಂತು. ಅಂದಿನಿಂದ ನನ್ನನ್ನು ಕೇಳದೆ ಅಲ್ಲಿ ಯಾರೂ ಒಂದು ಹಪ್ಪಳವನ್ನೂ ಕರಿದಿಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ. ಮುಂದೆ ಬರೆಯಬೇಕಾದ್ದರಲ್ಲಿ ಹೆಮ್ಮೆಗೆ ಜಾಗವಿಲ್ಲ.

ಎಪ್ಪತ್ತೆರಡು ವರ್ಷದವನನ್ನು ಚಿರಂಜೀವಿ ಎಂದು ಕರೆದದ್ದಕ್ಕೆ ನಿನ್ನ ಹೆಂಡತಿ ಸೀತಾ ನಗಬಹುದು. ನಾನು ಮದುವೆಯಾಗಿ ಬಂದಾಗ ನೀನು ಹದಿನೈದರ ಹುಡುಗ. ಡಬ್ಬಿಯಿಂದ ಬೆಲ್ಲ ಕದ್ದು ಅತ್ತೆಯವರು ಕೇಳಿದರೆ ನನ್ನ ಕಡೆ ಬೆರಳು ತೋರಿಸುತ್ತಿದ್ದೆ. ನನ್ನ ಮನಸ್ಸಿನಲ್ಲಿ ನೀನು ಇನ್ನೂ ಅಲ್ಲೇ ನಿಂತಿದ್ದೀಯೆ. ಚಿರಂಜೀವಿ ಎಂದ ಮೇಲೆ ಆಶೀರ್ವಾದ ಎಂದೂ ಬರೆಯಬೇಕು. ಅದನ್ನು ಬೇಕೆಂದೇ ಬಿಟ್ಟಿದ್ದೇನೆ.

ಮೊದಲು ವಿಷಯ. ಬರುವ ಶ್ರಾವಣ ಬಹುಳ ತ್ರಯೋದಶಿಗೆ ಮಾವನವರ ತಿಥಿ. ನಲವತ್ತೊಂಬತ್ತು ವರ್ಷದಿಂದ ನಿನ್ನ ಅಣ್ಣ ಮನೆಯಲ್ಲಿ ಮಾಡುತ್ತಾರೆ, ನೀನು ಯಾವುದೋ ಮಠದಲ್ಲಿ ಒಬ್ಬನೇ ಕೂತು ಮಾಡುತ್ತೀಯೆ ಎಂದು ಕೇಳಿದ್ದೇನೆ. ಪುರಸೈವಾಕ್ಕಂ ಮತ್ತು ವೇಲಚೇರಿ ಒಂದೇ ಊರಿನ ಎರಡು ತುದಿ. ಒಂದೇ ಊರಿನಲ್ಲಿ ಒಬ್ಬ ತಂದೆಗೆ ಎರಡು ಕಡೆ ಎಲೆ ಹಾಕುತ್ತಿದ್ದೇವೆ. ಯಾವ ಮದುವೆ ಮುಂಜಿಗೆ ನೀನು ಬರುತ್ತೀಯೆಂದು ತಿಳಿದರೂ ನಾವು ಅಲ್ಲಿಗೆ ಹೋಗುತ್ತಿರಲಿಲ್ಲ. ಈ ಸಲ ನೀನು ಮನೆಗೆ ಬಂದು ಅಣ್ಣನ ಪಕ್ಕದಲ್ಲಿ ಕೂರಬೇಕು. ಸೀತಾಳೂ ಬರಬೇಕು. ಬರುವುದೋ ಬೇಡವೋ ಎಂಬುದನ್ನು ಕಾಗದ ಪೂರ್ತಿ ಓದಿದ ಮೇಲೆ ತೀರ್ಮಾನಿಸು.

ದೂರ್ವಾಸ ಮತ್ತೆ ಸ್ಟಾರ್ಟ್ ಆದ, ಹರಿ.

ಆ ಗಾಡಿಯನ್ನು ನಿನ್ನ ಅಣ್ಣ ಪೆರಂಬೂರಿನ ಆಂಗ್ಲೋ-ಇಂಡಿಯನ್ ಎಂಜಿನ್ ಡ್ರೈವರನಿಂದ ಕೊಂಡು ತಂದ ದಿನ ನಿನಗೂ ನೆನಪಿರಬೇಕು. ಅವನು ಸಂಸಾರ ಸಮೇತ ಆಸ್ಟ್ರೇಲಿಯಾಕ್ಕೆ ಹೊರಟಿದ್ದ. ಇಂಗ್ಲೆಂಡಿನಲ್ಲಿ ಹುಟ್ಟಿದ, ಒಂದೇ ಸಿಲಿಂಡರಿನ, ಎಮ್ಮೆಯಂಥ ಕಪ್ಪು ಮೋಟಾರ್‌ಸೈಕಲ್ಲು. ಅವಸರ ಮಾಡಿದರೆ ಒದೆಯುತ್ತದೆ ಎಂದು ಡ್ರೈವರ್ ಎರಡೆರಡು ಸಲ ಹೇಳಿ ಕಳಿಸಿದನಂತೆ. ಹೇಳಿದಂತೆಯೇ ಮೂರನೆಯ ದಿನ ಕಿಕ್ಕರ್ ತಿರುಗಿ ಬಡಿದು ನಿನ್ನ ಅಣ್ಣ ಹದಿನೈದು ದಿನ ಕುಂಟಿದರು. ಮಾವನವರು ಪಡಸಾಲೆಯಲ್ಲಿ ಪತ್ರಿಕೆ ಓದುತ್ತಾ, ಈ ಮುನಿಗಳು ಯಾರ ಮೇಲೆ ಯಾವಾಗ ಮುನಿಯುತ್ತಾರೋ ಹೇಳಲಾಗದು ಎಂದರು. ಹಾಗೆ ಅದಕ್ಕೆ ದೂರ್ವಾಸ ಎಂಬ ಹೆಸರು ನಿಂತಿತು. ಮಳೆ ಬಂದರೆ ಸ್ಟಾರ್ಟ್ ಆಗುತ್ತಿರಲಿಲ್ಲ. ಬಿಸಿಲು ಹೆಚ್ಚಾದರೂ ಆಗುತ್ತಿರಲಿಲ್ಲ. ಏಕಾದಶಿಯ ದಿನ ನಿಂತುಬಿಟ್ಟರೆ, ಮುನಿಗಳಿಗೆ ಇವತ್ತು ಉಪವಾಸ ಎನ್ನುತ್ತಿದ್ದರು ಮಾವ. ಎಂಜಿನ್ನಿನಿಂದ ಎಣ್ಣೆ ತೊಟ್ಟಿಕ್ಕಿ ಅಂಗಳದ ಕಲ್ಲು ಕಪ್ಪಾಗುತ್ತದೆಂದು ಅತ್ತೆಯವರು ಗೊಣಗಿದಾಗ, ಹಳೆಯ ಹಿತ್ತಾಳೆ ಬೋಗುಣಿಯೊಂದನ್ನು ಹುಡುಕಿ ತಂದು ಅದರ ಕೆಳಗಿಟ್ಟವನು ನೀನು. ದಿನಾ ಬೆಳಿಗ್ಗೆ ಆ ಬೋಗುಣಿಯನ್ನು ಎತ್ತಿ ಚೆಲ್ಲುವುದು, ಗಾಡಿ ಒರೆಸುವುದು ನಿನ್ನ ಕೆಲಸವಾಯಿತು. ಓಡಿಸಲು ಮಾತ್ರ ಅಣ್ಣ ಬಿಡಲಿಲ್ಲ. ನಾನಲ್ಲದೆ ಬೇರೆ ಯಾರೂ ಅದರ ಮೇಲೆ ಕಾಲು ಹಾಕಕೂಡದು ಎಂದು ಅವರು ಮನೆಗೆಲ್ಲ ಕೇಳುವಂತೆ ಹೇಳಿದ್ದರು.

ಆ ಮಾತಿಗೆ ಒಂದು ವಿನಾಯಿತಿ ಇತ್ತು. ಅದು ನಿನಗಾಗಲಿ, ಮಾವನವರಿಗಾಗಲಿ, ಯಾರಿಗೂ ಆಗ ತಿಳಿದಿರಲಿಲ್ಲ.

ಮದುವೆಯಾದ ಎರಡನೆಯ ವರ್ಷ ತಿರುವೊಟ್ಟಿಯೂರಿನಲ್ಲಿ ನಮ್ಮವರೊಬ್ಬರ ಮನೆಯ ಉಪನಯನಕ್ಕೆ ನಾವಿಬ್ಬರೂ ನಸುಕಿನಲ್ಲೇ ಹೊರಟಿದ್ದೆವು. ನಾನು ರೇಷ್ಮೆ ಕಚ್ಚೆ ಸೀರೆ ಉಟ್ಟು, ಉಡುಗೊರೆಯ ಬೆಳ್ಳಿ ಬಟ್ಟಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಹಿಂದೆ ಕೂತಿದ್ದೆ. ಕಾಸಿಮೇಡಿನಲ್ಲಿ, ಮೀನು ಹರಾಜು ಜೋರಾಗಿ ನಡೆಯುತ್ತಿದ್ದ ಜಾಗದಲ್ಲೇ ದೂರ್ವಾಸ ನಿಂತ. ನಿನ್ನ ಅಣ್ಣ ಒದ್ದರು, ಬೈದರು, ಬೇಡಿಕೊಂಡರು. ಸುತ್ತ ಮೀನಿನ ಬುಟ್ಟಿಗಳು, ಕಾಲ ಕೆಳಗೆ ಮೀನಿನ ನೀರು. ನಾನು ಸೀರೆಯನ್ನು ಮಂಡಿಯವರೆಗೆ ಎತ್ತಿ ಹಿಡಿದು ಉಸಿರು ಬಿಗಿಹಿಡಿದು ನಿಂತಿದ್ದೆ. ಮೀನು ಮಾರುವ ಹೆಂಗಸೊಬ್ಬಳು ನನ್ನ ಅವಸ್ಥೆ ನೋಡಿ ಖಾಲಿ ಬುಟ್ಟಿಯೊಂದನ್ನು ಬೋರಲು ಹಾಕಿ, ಕೂತುಕೋ ಮಾಮಿ ಎಂದಳು. ಎಂಜಿನ್ ಬಿಚ್ಚಿ ಸಮುದ್ರಕ್ಕೆ ಎಸೆದು ಒಂದು ಕುದುರೆ ಕಟ್ಟಿ ಮಾಮಿ, ನಿಲ್ಲದೆ ಓಡುತ್ತದೆ, ಎಂದು ಅವಳು ಹೇಳಿದಾಗ ಹರಾಜು ಕೂಗುವವನೂ ನಿಲ್ಲಿಸಿ ನಕ್ಕ. ನನಗೂ ನಗು ತಡೆಯಲಾಗಲಿಲ್ಲ. ನಾಲ್ಕು ಜನ ಹೆಂಗಸರು ಸೇರಿ ನೂಕಿದರು. ಗಾಡಿ ಸ್ಟಾರ್ಟ್ ಆಗುವ ಹೊತ್ತಿಗೆ ನನ್ನ ರೇಷ್ಮೆ ಸೀರೆಯಲ್ಲಿ ಯಾವ ಮಡಿಯೂ ಉಳಿದಿರಲಿಲ್ಲ. ಉಪನಯನಕ್ಕೆ ಹೋಗದೆ ಹಿಂದಿರುಗಿದೆವು. ಮುಹೂರ್ತ ಚೆನ್ನಾಗಿ ಆಯಿತೆಂದು ಅತ್ತೆಯವರಿಗೆ ಹೇಳಿದವಳು ನಾನು. ಆ ಮನೆಯಲ್ಲಿ ನಾನು ಹೇಳಿದ ಮೊದಲ ಸುಳ್ಳು ಅದು. ಇನ್ನೊಂದರ ವಿಷಯ ಮುಂದೆ ಬರುತ್ತದೆ.

ಆ ದಿನ ದಾರಿಯಲ್ಲಿ ನಾನು ಹಟ ಹಿಡಿದೆ. ಇನ್ನೊಂದು ಸಲ ಹೀಗೆ ನಡುರಸ್ತೆಯಲ್ಲಿ ಗೊಂಬೆಯಂತೆ ನಿಲ್ಲುವವಳಲ್ಲ ನಾನು, ಇದನ್ನು ಸ್ಟಾರ್ಟ್ ಮಾಡುವುದು ಹೇಗೆಂದು ನನಗೂ ಕಲಿಸಿ ಎಂದೆ. ನಿನ್ನ ಅಣ್ಣ ಮೊದಲು ನಕ್ಕರು, ಆಮೇಲೆ ಕಲಿಸಿದರು. ಕಾರ್ಬುರೇಟರಿನ ಪುಟ್ಟ ಗುಂಡಿಯನ್ನು ಪೆಟ್ರೋಲು ಬೆರಳಿಗೆ ತಾಗುವವರೆಗೆ ಒತ್ತಬೇಕು. ಎಡಗೈ ಹತ್ತಿರದ ಸಣ್ಣ ಲಿವರನ್ನು ಹಿಂದಕ್ಕೆ ತರಬೇಕು, ಇಲ್ಲದಿದ್ದರೆ ಕಿಕ್ಕರ್ ತಿರುಗಿ ಒದೆಯುತ್ತದೆ. ಕಿಕ್ಕರನ್ನು ಕಾಲಿನಿಂದ ಮೆಲ್ಲಗೆ ಅಮುಕಿ, ಒಳಗೆ ಏನೋ ಅಡ್ಡ ನಿಂತಂತಾದ ಜಾಗವನ್ನು ದಾಟಿಸಿ, ಆಮೇಲೆ ಒಂದೇ ಸಲ ಪೂರ್ತಿ ಭಾರ ಬಿಡಬೇಕು. ಬಲ ಬೇಕಿಲ್ಲ, ತಾಳ್ಮೆ ಬೇಕು. ಕಚ್ಚೆ ಉಟ್ಟವಳಿಗೆ ಅದೇನು ಕಷ್ಟವಲ್ಲ. ಐದಾರು ತಿಂಗಳಲ್ಲಿ ಅದು ಅವರಿಗಿಂತ ಚೆನ್ನಾಗಿ ನನ್ನ ಮಾತು ಕೇಳತೊಡಗಿತು. ಆಮೇಲೆ ಭಾನುವಾರಗಳಂದು ಬೆಳಗಿನ ಐದೂವರೆಗೆ ಪಾರ್ಥಸಾರಥಿ ದೇವಸ್ಥಾನಕ್ಕೆಂದು ಹೊರಟು, ಮರೀನಾದ ಖಾಲಿ ರಸ್ತೆಯಲ್ಲಿ ಅವರು ಹಿಂದೆ ಕೂತರು, ನಾನು ಮುಂದೆ ಕೂತೆ. ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು. ಎಡಗಡೆ ಸಮುದ್ರ. ಇಪ್ಪತ್ತೊಂದು ವರ್ಷದವಳು ನಾನು. ಅಷ್ಟು ಸಂತೋಷ ನನಗೆ ಮಗ ಸಂಜೀವ ಹುಟ್ಟಿದಾಗಲೂ ಆಗಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗಬೇಕಿತ್ತು, ಆಗುತ್ತಿಲ್ಲ.

ಬ್ರಾಹ್ಮಣರ ಮನೆಯ ಸೊಸೆ ಮೋಟಾರ್‌ಸೈಕಲ್ ಓಡಿಸುತ್ತಾಳೆಂದು ತಿಳಿದರೆ ಪುರಸೈವಾಕ್ಕಂ ಬೀದಿಯಲ್ಲಿ ತಲೆಯೆತ್ತಿ ತಿರುಗುವಂತಿರಲಿಲ್ಲ. ಆದ್ದರಿಂದ ನಾವು ಯಾರಿಗೂ ಹೇಳಲಿಲ್ಲ. ನನಗೆ ಗೊತ್ತಿದ್ದದ್ದು ಆ ಒಂದೇ ಗಾಡಿ. ಬೇರೆ ಮೋಟಾರ್‌ಸೈಕಲ್ಲನ್ನು ನಾನು ಮುಟ್ಟಿಯೂ ನೋಡಿರಲಿಲ್ಲ. ಈ ಮಾತನ್ನು ನೆನಪಿಟ್ಟುಕೋ.

ಈಗ ಆ ಶುಕ್ರವಾರಕ್ಕೆ ಬರುತ್ತೇನೆ.

ಎಪ್ಪತ್ತಾರನೆಯ ಇಸವಿಯ ಶ್ರಾವಣ ಶುಕ್ರವಾರ. ನಿನ್ನ ಅಣ್ಣ ರೈಲ್ವೆ ಡ್ಯೂಟಿ ಮೇಲೆ ಜೋಲಾರಪೇಟೆಗೆ ಹೋಗಿದ್ದರು. ಕುಂಭಕೋಣದಲ್ಲಿ ಬಂಧುಗಳ ಷಷ್ಟ್ಯಬ್ದಿಗೆ ಹೊರಟಿದ್ದ ಮಾವನವರು ಎಗ್ಮೋರಿನಲ್ಲಿ ಸಂಜೆಯ ರೈಲು ಹಿಡಿಯಬೇಕಿತ್ತು. ನನ್ನ ಲಕ್ಷ್ಮೀ ಪೂಜೆ ತಡವಾಯಿತು. ಆರತಿ ಮುಗಿಯದೆ ಹೊರಡಬಾರದೆಂದು ಅವರನ್ನು ನಾನೇ ಕೂರಿಸಿಕೊಂಡೆ. ಮುಗಿದಾಗ ಹೊತ್ತು ಮೀರಿತ್ತು. ಬೀದಿಯ ಕೊನೆಯಿಂದ ರಿಕ್ಷಾ ಕರೆದು ತರುತ್ತೇನೆಂದು ನೀನು ಚಪ್ಪಲಿ ಹಾಕಿಕೊಂಡೆ. ಬೇಡ ಎಂದವಳು ನಾನು. ಗಾಡಿ ಇದೆಯಲ್ಲ, ನಿನಗೆ ಸ್ನೇಹಿತನ ಗಾಡಿ ಓಡಿಸಿ ಅಭ್ಯಾಸವಿದೆಯಲ್ಲ, ಹತ್ತು ನಿಮಿಷದಲ್ಲಿ ಬಿಟ್ಟು ಬಾ ಎಂದೆ. ಅಣ್ಣ ಏನೆನ್ನುತ್ತಾನೋ ಎಂದು ನೀನು ಹಿಂಜರಿದೆ. ಅಣ್ಣನಿಗೆ ನಾನು ಹೇಳಿಕೊಳ್ಳುತ್ತೇನೆ ಎಂದೆ. ನೀನು ನಾಲ್ಕು ಸಲ ಒದ್ದರೂ ಸ್ಟಾರ್ಟ್ ಆಗಲಿಲ್ಲ. ಮಾವನವರು ಬಾಗಿಲಲ್ಲಿ ಚೀಲ ಹಿಡಿದು ಬೀದಿಯ ಕಡೆ ಮುಖ ಮಾಡಿ ನಿಂತಿದ್ದರು. ನಾನು ಹಿತ್ತಲ ಕಡೆಯಿಂದ ಬಂದು ನಿನ್ನನ್ನು ಸರಿಸಿ, ಒಂದೇ ಒದೆತಕ್ಕೆ ಸ್ಟಾರ್ಟ್ ಮಾಡಿಕೊಟ್ಟೆ. ನೀನು ಬಾಯಿ ಬಿಟ್ಟು ನೋಡಿದೆ. ನನಗೆ ಆಗ ಎಷ್ಟು ಹೆಮ್ಮೆಯಾಯಿತೆಂದು ನಿನಗೆ ತಿಳಿಯದು.

ಗಾಡಿ ಹತ್ತಿದ ಮೇಲೆ ನೀನು ಕೆಳಗೆ ನೋಡಿ ಕೇಳಿದೆ: "ಅತ್ತಿಗೆ, ಇದರದ್ದು ಬ್ರೇಕ್ ಯಾವ ಕಡೆ?"

ನಾನು ಹೇಳಿದೆ: "ಎಲ್ಲಾ ಗಾಡಿ ಥರಾನೇ ಕಣೋ. ಹೊರಡು, ಟ್ರೇನ್ ಬಿಟ್ಟು ಹೋಗತ್ತೆ."

ಹರಿ, ಅದು ಸುಳ್ಳಲ್ಲ. ನಾನು ನಂಬಿದ್ದನ್ನೇ ಹೇಳಿದೆ. ಲೋಕದ ಎಲ್ಲ ಮೋಟಾರ್‌ಸೈಕಲ್ಲುಗಳಿಗೂ ಎಡಗಾಲಿಗೇ ಬ್ರೇಕು ಎಂದು ತಿಳಿದಿದ್ದೆ. ನಿನ್ನ ಸ್ನೇಹಿತನ ಹೊಸ ಗಾಡಿಯಲ್ಲಿ ಅದು ಬಲಗಾಲಿಗೆ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳಬಹುದಿತ್ತು. ಕೆಳಗೆ ಬಗ್ಗಿ ಕಾಲಿನಿಂದ ಒತ್ತಿ ತೋರಿಸಬಹುದಿತ್ತು. ಕೇಳಿದವನಿಗೆ ಗೊತ್ತಿಲ್ಲ ಎನ್ನುವ ಅಭ್ಯಾಸ ನನಗೆ ಅಂದೂ ಇರಲಿಲ್ಲ.

ಡೌಟನ್ ಜಂಕ್ಷನ್ನಿನ ಹತ್ತಿರ ಮುಂದಿನ ಬಸ್ಸು ನಿಂತಿತು. ನೀನು ಬಲಗಾಲನ್ನು ಒತ್ತಿದೆ. ಅದು ಗೇರು. ಮಾವನವರ ತಲೆ ಫುಟ್‌ಪಾತಿನ ಅಂಚಿಗೆ ಬಡಿಯಿತು. ಮೂರನೆಯ ದಿನ ಹೋದರು. ನಿನ್ನ ಬಲ ಮಂಡಿ ಪುಡಿಯಾಯಿತು. ರಸ್ತೆಯಲ್ಲಿದ್ದವರು ಅತಿವೇಗ ಎಂದರು. ಬ್ರೇಕ್ ಒತ್ತಿದೆ, ಅದು ಬ್ರೇಕ್ ಆಗಿರಲಿಲ್ಲ, ಎಂದು ನೀನು ಆಸ್ಪತ್ರೆಯಲ್ಲಿ ಜ್ವರದಲ್ಲಿ ಬಡಬಡಿಸುತ್ತಿದ್ದದ್ದನ್ನು ಕೇಳಿ ಎಲ್ಲರೂ ನೆಪ ಎಂದುಕೊಂಡರು. ನಾನೊಬ್ಬಳು ಅಲ್ಲಿ ಗೋಡೆಗೆ ಒರಗಿ ನಿಂತು ಅರ್ಥಮಾಡಿಕೊಂಡೆ.

ಜೋಲಾರಪೇಟೆಯಿಂದ ಓಡಿ ಬಂದ ನಿನ್ನ ಅಣ್ಣ ನನ್ನನ್ನು ವರಾಂಡದ ಮೂಲೆಗೆ ಕರೆದುಕೊಂಡು ಹೋಗಿ ಒಂದೇ ಪ್ರಶ್ನೆ ಕೇಳಿದರು. ನೀನೇನಾದರೂ ಸ್ಟಾರ್ಟ್ ಮಾಡಿಕೊಟ್ಟೆಯಾ ಎಂದರು. 'ಇಲ್ಲ' ಎಂದೆ. ಅವರು ನಂಬಿದರು. ಅವರಿಗೂ ನಾನು ಸುಳ್ಳು ಹೇಳಬಲ್ಲೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಹರಿ ಯಾರನ್ನೂ ಕೇಳದೆ, ಇಳಿಜಾರಿನಲ್ಲಿ ನೂಕಿ ಸ್ಟಾರ್ಟ್ ಮಾಡಿಕೊಂಡು, ಶೋಕಿಗಾಗಿ ಅಪ್ಪನನ್ನು ಕೂರಿಸಿಕೊಂಡು ಹೋದ ಎಂದು ಆಮೇಲೆ ಮನೆಯವರೆಲ್ಲ ಸೇರಿ ಕಥೆ ಕಟ್ಟಿಕೊಂಡರು. ನಾನು ಅದನ್ನು ಕಟ್ಟಲಿಲ್ಲ, ಬಿಚ್ಚಲೂ ಇಲ್ಲ. ವೈಕುಂಠ ಸಮಾರಾಧನೆಯ ದಿನ ಎಲ್ಲರೆದುರು ನಿನ್ನ ಅಣ್ಣ, ಇನ್ನು ಈ ಹೊಸ್ತಿಲು ತುಳಿಯಬೇಡ ಎಂದಾಗ, ಕಂಕುಳಲ್ಲಿ ಊರುಗೋಲು ಹಿಡಿದ ನೀನು ಒಂದು ಸಲ ನನ್ನ ಮುಖ ನೋಡಿದೆ. ನಾನೇ ಹೇಳಲಿ ಎಂದು ಕಾದೆಯೋ, ನನ್ನ ಮಾನ ಉಳಿಯಲಿ ಎಂದು ಸುಮ್ಮನಾದೆಯೋ, ಇಂದಿಗೂ ನನಗೆ ತಿಳಿಯದು. ಒಲೆಯ ಮೇಲೆ ಹಾಲಿದೆ ಎಂದು ನಾನು ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಆಮೇಲೆ ದೂರ್ವಾಸನನ್ನು ಮೆಟ್ಟಿಲ ಕೆಳಗೆ ತಳ್ಳಿ ಟಾರ್ಪಾಲು ಹೊದಿಸಿದರು. ನಿನ್ನ ಅಣ್ಣ ಅದನ್ನು ಮಾರಲೂ ಇಲ್ಲ, ಮುಟ್ಟಲೂ ಇಲ್ಲ. ಪ್ರತಿ ವರ್ಷ ಆಯುಧ ಪೂಜೆಯಲ್ಲಿ ಹೊಲಿಗೆ ಯಂತ್ರಕ್ಕೆ, ಮಿಕ್ಸಿಗೆ, ಸಂಜೀವನ ಕಾರಿಗೆ ಎಲ್ಲಕ್ಕೂ ಕುಂಕುಮ ಇಟ್ಟೆವು. ಅದಕ್ಕೆ ಮಾತ್ರ ಇಡಲಿಲ್ಲ.

ಈ ವರ್ಷ ನಿನ್ನ ಅಣ್ಣನಿಗೆ ಸಹಸ್ರಚಂದ್ರ ದರ್ಶನ ಶಾಂತಿ ಮಾಡಬೇಕೆಂದು ಸಂಜೀವ ಹೊರಟ. ಅವನ ಮಗ ಸುಘೋಷನಿಗೆ ಇಪ್ಪತ್ತೆರಡು. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳು. ತಾತನಿಗೆ ಉಡುಗೊರೆ ಕೊಡುತ್ತೇನೆಂದು ಅವನು ಗಾಡಿಯನ್ನು ಪುದುಪ್ಪೇಟ್ಟೆಯ ದಿನೇಶ್ ಎಂಬ ಮೆಕ್ಯಾನಿಕ್ಕನಿಗೆ ಕೊಟ್ಟ. ಐದು ತಿಂಗಳು ಹಿಡಿಯಿತು. ನಿನ್ನ ಅಣ್ಣ ಬೇಡ ಎನ್ನಲಿಲ್ಲ. ವಯಸ್ಸಾಯಿತು, ಮೊಮ್ಮಗನ ಮುಖ ನೋಡಿ ಸುಮ್ಮನಾದರು. ನಾನು ಬೇಡ ಎನ್ನಬೇಕಿತ್ತು. ಒಂದು ಸಲ ಆ ಸದ್ದನ್ನು ಮತ್ತೆ ಕೇಳಬೇಕೆಂಬ ಆಸೆ ನನಗೂ ಇತ್ತು.

ಜುಲೈ ಇಪ್ಪತ್ತನೆಯ ತಾರೀಖು, ಭಾನುವಾರ ಬೆಳಿಗ್ಗೆ, ಗಾಡಿ ಅಂಗಳಕ್ಕೆ ಬಂತು. ದಿನೇಶ್ ಇಳಿಸಿ ಹೋದ. ಸುಘೋಷ ಒದ್ದ, ಒದ್ದ, ಬೆವರಿ ನೀರಾದ. ದೂರ್ವಾಸ ಜಗ್ಗಲಿಲ್ಲ. ನಾನು ಜಗುಲಿಯ ಕುರ್ಚಿಯಲ್ಲಿ ಬೀನ್ಸ್ ಸೋಸುತ್ತಾ ಕೂತಿದ್ದವಳು, ನನಗೆ ಅರಿವಿಲ್ಲದೆ ಬಾಯಿ ಬಿಟ್ಟೆ. ಆ ಗುಂಡಿ ಒತ್ತು, ಲಿವರ್ ಹಿಂದಕ್ಕೆ ತಾ, ಮೆಲ್ಲಗೆ ಅಮುಕು, ಅಡ್ಡ ನಿಂತಿತಾ, ದಾಟಿಸು, ಈಗ ಬಿಡು ಎಂದೆ. ಒಂದೇ ಒದೆತ. ಅದೇ ಸದ್ದು. ಅಜ್ಜಿ, ನಿನಗೆ ಹೇಗೆ ಗೊತ್ತು ಎಂದು ಹುಡುಗ ಕಣ್ಣರಳಿಸಿದ. ಸಂಜೀವನೂ ಸೊಸೆಯೂ ಬಾಗಿಲಿಗೆ ಬಂದು ನಿಂತರು. ನಾನು ನಗುತ್ತಿದ್ದೆ. ನಿನ್ನ ಅಣ್ಣ ನನ್ನನ್ನೇ ನೋಡುತ್ತಿದ್ದರು. ಅಷ್ಟು ಹೊತ್ತಿಗೆ ಹುಡುಗ ಗೇರು ಹಾಕಿ ಹೊರಟ. ಗೇಟಿನ ಹತ್ತಿರ ಎದುರಿಗೆ ಸೈಕಲ್ಲೊಂದು ಬಂತು. ಅವನು ಬಲಗಾಲು ಒತ್ತಿದ. ಗಾಡಿ ನಿಲ್ಲದೆ ಗೇಟಿನ ಕಂಬಕ್ಕೆ ಹೋಗಿ ಗುದ್ದಿತು. ದೇವರು ದೊಡ್ಡವನು, ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಹುಡುಗ ಎದ್ದು ನಿಂತು ನನ್ನ ಕಡೆ ತಿರುಗಿ ಹೇಳಿದ್ದು ಒಂದೇ ಮಾತು.

"ಬ್ರೇಕ್ ಲೆಫ್ಟ್‌ಲ ಇರುಕ್ಕುನ್ನು ಯಾರುಮೇ ಸೊಲ್ಲಲಿಯೇ, ಅಜ್ಜಿ."

ಹೌದು, ಬ್ರೇಕು ಎಡಗಡೆ ಇದೆಯೆಂದು ಯಾರೂ ಹೇಳಲಿಲ್ಲ. ಎರಡನೆಯ ಸಲವೂ ಸ್ಟಾರ್ಟ್ ಮಾಡುವುದನ್ನು ಹೇಳಿಕೊಟ್ಟವಳು ನಾನೇ, ನಿಲ್ಲಿಸುವುದನ್ನು ಹೇಳದೆ ಬಿಟ್ಟವಳೂ ನಾನೇ. ಈ ಸಲ ಗೊತ್ತಿಲ್ಲ ಎಂಬ ನೆಪವೂ ನನಗಿರಲಿಲ್ಲ. ಸಂತೋಷದಲ್ಲಿ ಮರೆತಿದ್ದೆ.

ಎಲ್ಲರೂ ಹುಡುಗನ ಕಡೆ ಓಡಿದರು. ನಿನ್ನ ಅಣ್ಣ ಮಾತ್ರ ಕುರ್ಚಿಯಿಂದ ಏಳಲಿಲ್ಲ. ಕೂತಲ್ಲಿಂದಲೇ, ಯಾರನ್ನೂ ನೋಡದೆ, "ಹರಿಗೆ ಯಾರು ಹೇಳಿದ್ರು?" ಎಂದರು. ನಾನು ಬೀನ್ಸಿನ ಮೊರ ಎತ್ತಿಕೊಂಡು ಒಳಗೆ ಹೋದೆ. ಅಂದು ಹೋದ ಹಾಗೆಯೇ.

ನಾಲ್ಕು ದಿನ ನಾನು ಊಟ ಬಡಿಸಿದೆ, ಅವರು ಉಂಡರು. ಐದನೆಯ ದಿನ ಭೀಮನ ಅಮಾವಾಸ್ಯೆ. ಮದುವೆಯಾದಾಗಿನಿಂದ ಆ ದಿನ ಅವರ ಪಾದಪೂಜೆ ಮಾಡುವುದನ್ನು ನಾನು ತಪ್ಪಿಸಿಲ್ಲ. ಅವರನ್ನು ಮಣೆಯ ಮೇಲೆ ಕೂರಿಸಿ, ಪಾದ ತೊಳೆದು, ಅರಿಸಿನ ಕುಂಕುಮ ಹಚ್ಚಿ, ಹೂ ಇಟ್ಟು ನಮಸ್ಕಾರಕ್ಕೆ ಬಗ್ಗಿದವಳಿಗೆ ಏಳಲು ಆಗಲಿಲ್ಲ. ಮಂಡಿನೋವೆಂದು ಸೊಸೆ ಕೈ ಕೊಡಲು ಬಂದಳು. ಅವಳನ್ನು ಆಚೆ ಕಳಿಸಿ, ಬಗ್ಗಿದಲ್ಲಿಂದಲೇ ಎಲ್ಲವನ್ನೂ ಹೇಳಿದೆ. ರಿಕ್ಷಾ ಬೇಡವೆಂದದ್ದು, ಸ್ಟಾರ್ಟ್ ಮಾಡಿಕೊಟ್ಟದ್ದು, ನೀನು ಕೇಳಿದ್ದು, ನಾನು ಹೇಳಿದ್ದು.

ಅವರು ಬೈಯಲಿಲ್ಲ. ಪಾದವನ್ನು ಹಿಂದಕ್ಕೆ ಎಳೆದುಕೊಂಡರು. "ಅವತ್ತು ನಾನು ಕೇಳಿದಾಗ ನೀನು ಇಲ್ಲ ಅಂದೆ" ಎಂದರು. ಆಮೇಲೆ, "ಅವನ ಕೈಯಿಂದ ಅಪ್ಪನಿಗೆ ಒಂದು ಪಿಂಡ ಇಡಿಸಲಿಲ್ಲವಲ್ಲೇ ನಾನು" ಎಂದರು. ಹೂವಿನ ಸಮೇತ ಎದ್ದು ಅಂಗಳಕ್ಕೆ ಹೋಗಿ ದೂರ್ವಾಸನ ಪಕ್ಕದಲ್ಲಿ ಕೂತರು. ಅಂದಿನಿಂದ ನನ್ನ ಜೊತೆ ಮಾತಿಲ್ಲ. ನಾನು ಕಲಸಿದ ಕಾಫಿಯನ್ನು ಕುಡಿಯುತ್ತಾರೆ, ಲೋಟವನ್ನು ನನ್ನ ಕೈಗೆ ಕೊಡುವುದಿಲ್ಲ. ನಿನಗೆ ಫೋನು ಮಾಡಿ ಎಂದು ಸಂಜೀವ ನಂಬರು ಒತ್ತಿ ಕೊಟ್ಟ. ಕೈಯಲ್ಲಿ ಹಿಡಿದು ಕೂತರು, ಮಾತಾಡಲು ಆಗದೆ ಹಿಂದಕ್ಕೆ ಕೊಟ್ಟರು. ಎರಡು ಸಲ ಹಾಗಾಯಿತು. ನಿನ್ನ ಫೋನಿಗೆ ಬಂದು ಸುಮ್ಮನೆ ಕಟ್ಟಾದ ಕರೆಗಳು ಅವರದು. ಏನೆಂದು ಶುರು ಮಾಡಬೇಕೋ ಅವರಿಗೆ ತಿಳಿಯುತ್ತಿಲ್ಲ. ತಪ್ಪು ಅವರದಲ್ಲದಿದ್ದರೂ ಶಿಕ್ಷೆ ಕೊಟ್ಟವರು ಅವರು.

ಅವರಿಗೆ ಆಡಲಾಗದ ಮಾತನ್ನು ನಾನು ಆಡಿದೆ. ಅಂದು ಸಮಾರಾಧನೆಯಲ್ಲಿ ನಿನ್ನನ್ನು ಹೊರಗೆ ಹಾಕಿದ್ದನ್ನು ಕಂಡವರು, ಅವರಿಲ್ಲದಿದ್ದರೆ ಅವರ ಮಕ್ಕಳು, ಎಲ್ಲ ಸೇರಿ ಹದಿನಾಲ್ಕು ಮನೆಗಳಿಗೆ ಫೋನು ಮಾಡಿ ನಡೆದದ್ದನ್ನು ನನ್ನ ಬಾಯಿಂದಲೇ ಹೇಳಿದೆ. ಕೆಲವರು, ಈಗ ಯಾಕೆ ಅದೆಲ್ಲ, ಬಿಡಿ ಎಂದರು. ಬಿಡುವುದಕ್ಕೆ ಅದು ಅವರದ್ದಲ್ಲ. ಕುಂಭಕೋಣದ ಸೋದರತ್ತೆಗೆ ಕಿವಿ ಕೇಳಿಸದು. ನಾನು ಮೂರು ಸಲ, ಮೂರನೆಯ ಸಲ ಕೂಗಿ ಹೇಳಬೇಕಾಯಿತು. ನಮ್ಮ ಬೀದಿಯ ಎರಡೂ ಕಡೆಯ ಮನೆಯವರು ಕಿಟಕಿಗೆ ಬಂದರು. ಯಾವ ಬೀದಿಗೆ ಹೆದರಿ ನಲವತ್ತೊಂಬತ್ತು ವರ್ಷ ಬಾಯಿ ಮುಚ್ಚಿಕೊಂಡಿದ್ದೆನೋ ಆ ಬೀದಿಗೇ ಕೇಳಿಸಿತು. ಅದೂ ಸರಿಯೇ.

ಶಾಂತಿಯನ್ನು ನಿಲ್ಲಿಸಿದ್ದೇನೆ. ಗಂಡನ ಪಕ್ಕದಲ್ಲಿ ಕೂತು ಸುಮಂಗಲಿಯೆಂದು ನಮಸ್ಕಾರ ಮಾಡಿಸಿಕೊಳ್ಳುವ ಮನಸ್ಸು ನನಗಿಲ್ಲ. ತಿಥಿಗೆ ನೀನು ಬರುತ್ತೀಯೆಂದು ಪುರೋಹಿತರಾದ ಸುಶಮೀಂದ್ರಾಚಾರ್ಯರಿಗೆ ತಿಳಿಸಿದ್ದೇನೆ. ಆ ದಿನದ ಮಡಿ ಅಡುಗೆ ಸೀತಾಳದು. ಆ ಮನೆಯ ಕಿರಿಯ ಸೊಸೆ ಮಾವನವರಿಗೆ ಇಲ್ಲಿಯವರೆಗೆ ಒಂದು ತುತ್ತು ಬೇಯಿಸಿಲ್ಲ. ಪಾತ್ರೆಗಳು ಎಲ್ಲೆಲ್ಲಿವೆ, ಮಾವನವರಿಗೆ ಏನೇನು ಇಷ್ಟ ಎಂದು ಬರೆದು ಅಡುಗೆಮನೆಯ ಬಾಗಿಲ ಹಿಂದೆ ಅಂಟಿಸಿದ್ದೇನೆ. ಗೊಜ್ಜಿಗೆ ಬೆಲ್ಲ ಮುಂದಾಗಿರಲಿ ಎಂದು ಹೇಳು.

ನಾನು ಅಲ್ಲಿ ಇರುವುದಿಲ್ಲ. ನಾನಿದ್ದರೆ ನೀನು ನನ್ನ ಮನೆಗೆ ಬಂದ ಹಾಗಾಗುತ್ತದೆ. ನೀನು ನಿನ್ನ ಅಪ್ಪನ ಮನೆಗೆ ಬರಬೇಕು. ಹೊಸ್ತಿಲು ತುಳಿಯಬೇಡವೆಂಬ ಮಾತು ನನಗೆ ಸಲ್ಲಬೇಕಾದ್ದು, ವಿಳಾಸ ತಪ್ಪಿ ನಿನಗೆ ಸೇರಿತ್ತು. ಅದನ್ನು ಈಗ ನಾನೇ ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಇಂದು ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಬೀರುವಿನ ಬೀಗದ ಕೈಯನ್ನು ಸೊಸೆಯ ಕೈಗೆ ಕೊಟ್ಟು, ಎರಡು ಸೀರೆ ಚೀಲದಲ್ಲಿ ಹಾಕಿಕೊಂಡು ಹೊರಟೆ. ಹೊರಡುವ ಮೊದಲು, ಸುಘೋಷನಿಂದ ಕೆಂಪು ಬಣ್ಣದ ಡಬ್ಬಿ ತರಿಸಿ, ನೆಲದ ಮೇಲೆ ಕೂತು ದೂರ್ವಾಸನ ಎಡಗಡೆಯ ಪೆಡಲಿಗೆ ನಾನೇ ಬಳಿದೆ. ಇನ್ನು ಯಾರೂ ಕೇಳಬೇಕಾಗಿಲ್ಲ. ಸಂಜೀವ ಅತ್ತ, ಗದರಿ ಸುಮ್ಮನಿರಿಸಿದೆ. ನಿನ್ನ ಅಣ್ಣ ಜಗುಲಿಯಲ್ಲಿ ಕೂತಿದ್ದರು. ಆಟೋ ಹತ್ತುವಾಗ, ಹನ್ನೊಂದು ದಿನದ ಮೇಲೆ ಅವರು ಬಾಯಿ ಬಿಟ್ಟು ಕೇಳಿದ್ದು ಒಂದೇ ಪ್ರಶ್ನೆ: "ಮಂಡಿ ಮಾತ್ರೆ ತಗೊಂಡ್ಯಾ?" ತಗೊಂಡೆ ಎಂದೆ. ನಿಜವನ್ನೇ ಹೇಳಿದೆ.

ಈಗ ತಿರುವಲ್ಲಿಕ್ಕೇಣಿಯ ಮಠದ ಹಿಂದಿನ ಕೋಣೆಯಲ್ಲಿದ್ದೇನೆ. ಒಂದು ಕಿಟಕಿ, ಒಂದು ಚಾಪೆ. ಬೆಳಗಿನ ಹೊತ್ತು ಸಮುದ್ರದ ಗಾಳಿ ಬರುತ್ತದೆ. ಬಂದು ಕರೆಯಲಿ ಎಂದು ವಿಳಾಸ ಬರೆಯುತ್ತಿಲ್ಲ, ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಅಭ್ಯಾಸವಾಗಲಿ ಎಂದು ಬರೆಯುತ್ತಿದ್ದೇನೆ.

ಇಷ್ಟೇ,
ಅಂಬುಜಮ್ಮ

ವಿ.ಸೂ.: ಇದನ್ನು ವೇಲಚೇರಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಸೇರಿಸುತ್ತಿದ್ದೇನೆ. ಅಂಚೆಯಲ್ಲಿ ಕಳಿಸುವುದು ಹೇಡಿತನ, ಕೈಗೇ ಕೊಡಬೇಕೆಂದು ಮಧ್ಯಾಹ್ನ ತಿರುವಲ್ಲಿಕ್ಕೇಣಿಯಲ್ಲಿ ರೈಲು ಹತ್ತಿ ಬಂದೆ. ನಿಮ್ಮ ಫ್ಲಾಟಿನ ಗೇಟಿನಲ್ಲಿ ಹಾಲಿನ ಚೀಲ ಹಿಡಿದು, ಬಲಗಾಲು ಎಳೆಯುತ್ತಾ ಬರುತ್ತಿದ್ದವನನ್ನು ಕಾಲಿನಿಂದಲೇ ಗುರುತಿಸಿದೆ. ನಿನಗೆ ನನ್ನ ಗುರುತು ಸಿಗಲಿಲ್ಲ. ಯಾರೋ ಮುದುಕಿ ಎಂದುಕೊಂಡು ಗೇಟನ್ನು ಹಿಡಿದು ನಿಂತು, "ಪಾತ್ತು ವಾಂಗಮ್ಮಾ, ಪಡಿ ಇರುಕ್ಕು" ಎಂದೆ. ಕಾಗದ ಕೈಯಲ್ಲೇ ಇತ್ತು, ಕೊಡಲಾಗಲಿಲ್ಲ. ಮನೆ ತಪ್ಪಿತೆಂದು ಹೇಳಿ ತಿರುಗಿ ಬಂದೆ. ಆ ಮನೆ ಬಿಟ್ಟ ಮೇಲೆ ಹೇಳಿದ ಮೊದಲ ಸುಳ್ಳು. ಈಗ ಎದ್ದು ಹೋಗಿ ಇದನ್ನು ನಿಮ್ಮ ಅಂಚೆ ಡಬ್ಬಿಗೆ ಹಾಕುತ್ತೇನೆ. ಮೇಲೆ ಬಿಟ್ಟಿದ್ದ ಆಶೀರ್ವಾದವನ್ನು ನೀನು ಬೆನ್ನು ತಿರುಗಿಸಿ ಲಿಫ್ಟಿನ ಕಡೆ ಹೋಗುವಾಗ ಮಾಡಿದ್ದೇನೆ. ಮೆಟ್ಟಿಲಿದೆ ಎಂದು ನೀನು ಹೇಳಿದೆ, ಹರಿ. ನಾನು ಕೇಳಿರಲೂ ಇಲ್ಲ.